ಮೊಹರು ಒಬ್ಬರದು, ಮೋರಿ ಇನ್ನೊಬ್ಬರದು!
ಹೆಮ್ಮರಗಾಲದ ಹೊಲದಿಂದ ಮೈಸೂರಿನ ಜೆ.ಎಲ್.ಬಿ. ರಸ್ತೆವರೆಗೆ ಒಂದು ಸೈಟಿನ ಕಥೆ

ನಂಜನಗೂಡು ಬಸ್ ಸ್ಟ್ಯಾಂಡಿನಲ್ಲಿ ಅರ್ಧ ಗಂಟೆ ನಿಂತರೆ ಸಾಕು, ಮೂರು ಮಾತು ಕಿವಿಗೆ ಬಿದ್ದೇ ಬೀಳುತ್ತವೆ. ಒಂದು, ಬಸ್ಸು ಇನ್ನೂ ಯಾಕೆ ಬರಲಿಲ್ಲ. ಎರಡು, ಈ ಸಲ ಕಬಿನಿ ನಾಲೆಗೆ ನೀರು ಯಾವಾಗ ಬಿಡ್ತಾರೆ. ಮೂರನೆಯದು: "ಆ ಸೈಟು ಅಪ್ರೂವಲ್ ಆಗಿದ್ಯಾ?"

ಮೊದಲಿನ ಎರಡಕ್ಕೆ ಎಂದಾದರೊಂದು ದಿನ ಉತ್ತರ ಸಿಕ್ಕುತ್ತದೆ. ಮೂರನೆಯದಕ್ಕೆ ಸಿಕ್ಕುವುದು ಉತ್ತರವಲ್ಲ, ಒಂದು ಜೆರಾಕ್ಸ್ ಪ್ರತಿ. ಅದರ ಮೇಲೆ ದುಂಡಗೆ ಒಂದು ಮೊಹರು. "ನೋಡಿ ಸ್ವಾಮಿ, ಅಪ್ರೂವಲ್ ಆಗಿರೋದೇ" ಅಂತಾನೆ ಮಾರುವವನು. ಕೊಳ್ಳುವವನೂ ತಲೆಯಾಡಿಸ್ತಾನೆ. ಆದರೆ ಆ ಮೊಹರು ಯಾರದು? ಪಂಚಾಯಿತಿಯದೋ, ಜಿಲ್ಲಾಧಿಕಾರಿ ಕಚೇರಿಯದೋ, ನಗರ ಯೋಜಕರದೋ, ಪ್ರಾಧಿಕಾರದ್ದೋ? ಅಪ್ರೂವಲ್ ಆಗಿರುವುದು ಏನು? ಹೊಲ ಹೊಲವಲ್ಲ ಅಂತಲೋ, ರಸ್ತೆ ಮೋರಿ ಸರಿ ಇದೆ ಅಂತಲೋ, ಬರೀ ಕಂದಾಯ ಕಟ್ಟಿದ್ದಾರೆ ಅಂತಲೋ? ನೂರು ಜನರನ್ನು ಕೇಳಿ, ತೊಂಬತ್ತು ಜನ ಬಾಯಿ ಬಿಡ್ತಾರೆ. ಅವರ ತಪ್ಪಲ್ಲ. ಕಾನೂನೇ ಹಾಗಿದೆ.

ಹೆಮ್ಮರಗಾಲವನ್ನೇ ತೆಗೆದುಕೊಳ್ಳಿ. ಸಂತಾನ ವೇಣುಗೋಪಾಲಸ್ವಾಮಿ ಇರುವ ಊರು. ಮಕ್ಕಳಿಲ್ಲದವರು ಹರಕೆ ಹೊತ್ತು ಬರುತ್ತಾರೆ, ಹರಕೆ ತೀರಿದವರು ತೊಟ್ಟಿಲ ಕೂಸನ್ನು ಎತ್ತಿಕೊಂಡು ಬರುತ್ತಾರೆ. ಹಿಂದೆ ಬಂದವರು ದರ್ಶನ ಮುಗಿಸಿ ಬಸ್ಸಿಗೆ ಕಾಯುತ್ತಿದ್ದರು. ಈಗ ಕಾರಿನಲ್ಲಿ ಬರುವವರು ವಾಪಸು ಹೋಗುವಾಗ ಕಿಟಕಿ ಇಳಿಸಿ ಕೇಳುವುದುಂಟು: "ಇಲ್ಲಿ ಗುಂಟೆ ಹೆಂಗೆ?"

ಈ ಪ್ರಶ್ನೆಗೆ ಬಲ ಬಂದದ್ದು 2020ರಲ್ಲಿ. ಅಲ್ಲಿಯವರೆಗೆ ಭೂಸುಧಾರಣಾ ಕಾಯಿದೆಯ 79-ಎ, 79-ಬಿ ಅಂತ ಎರಡು ಬೇಲಿ ಇದ್ದವು. ವ್ಯವಸಾಯಗಾರನಲ್ಲದವನು, ಬೇರೆ ಆದಾಯ ಹೆಚ್ಚಿದ್ದವನು ಹೊಲ ಕೊಳ್ಳುವಂತಿರಲಿಲ್ಲ. ಆ ವರ್ಷದ ತಿದ್ದುಪಡಿಯಲ್ಲಿ ಎರಡೂ ಬೇಲಿ ಕಿತ್ತು ಹೋದವು. ನಮ್ಮದೇ ಜಿಲ್ಲೆಯ ದೇವರಾಜ ಅರಸರು 1974ರಲ್ಲಿ ಉಳುವವನಿಗೆ ಭೂಮಿ ಎಂದು ತಂದ ತಿದ್ದುಪಡಿ ಎಲ್ಲಿ, ದುಡ್ಡಿದ್ದವನಿಗೆ ಭೂಮಿ ಎಂಬ ಇದೆಲ್ಲಿ! ಇರಲಿ. ಬೇಲಿ ಹೋದ ಮೇಲೆ ಉಳಿದದ್ದು ಒಂದೇ ಕಾವಲು. ಆ ಜಮೀನಿನಲ್ಲಿ ಏನು ಮಾಡಬಹುದು, ಏನು ಮಾಡಬಾರದು ಎಂದು ಹೇಳುವ ಯೋಜನಾ ಕಾಯಿದೆ. ಆ ಕಾವಲುಗಾರ ಯಾರು ಅನ್ನುವುದೇ ಇವತ್ತಿನ ಮಾತು.

ಪ್ಲೇಗಿನ ಕಾಲದ ಪೆನ್ನು

ಊರು ಹೇಗೆ ಬೆಳೆಯಬೇಕು ಎಂದು ಬರೆಯುವ ಪೆನ್ನು ಮುನಿಸಿಪಾಲಿಟಿ ಕೈಯಿಂದ ಜಾರಿದ್ದು ನಿನ್ನೆ ಮೊನ್ನೆಯಲ್ಲ. 1896ರಲ್ಲಿ ಬೊಂಬಾಯಿಗೆ ಪ್ಲೇಗು ಬಂತು. ಇಕ್ಕಟ್ಟಿನ ಗಲ್ಲಿಗಳೇ ರೋಗದ ಮನೆ ಎಂದು ಅಲ್ಲಿ 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಆಯಿತು. ಮೈಸೂರಿಗೂ ಪ್ಲೇಗು ಬಂತು, ಜನ ಊರು ಬಿಟ್ಟು ಶೆಡ್ಡು ಹಾಕಿಕೊಂಡರು. ನಾಲ್ವಡಿಯವರ ಆಳ್ವಿಕೆ ಶುರುವಾದ ಮರುವರ್ಷವೇ, ಅಂದರೆ 1903ರಲ್ಲಿ, ಮೈಸೂರಿಗೂ ಒಂದು ಕಾನೂನು ಬಂತು, ಟ್ರಸ್ಟ್ ಬೋರ್ಡೂ ಬಂತು. ಅದೇ ನಮ್ಮ ಹಿರಿಯರ ಬಾಯಲ್ಲಿ 'ಸಿ.ಐ.ಟಿ.ಬಿ.' ಅಗಲವಾದ ರಸ್ತೆ, ಹಿತ್ತಿಲಿಗೊಂದು ಕನ್ಸರ್ವೆನ್ಸಿ ಗಲ್ಲಿ, ನಡುವೆ ಪಾರ್ಕು. ಹಳೇ ಮೈಸೂರಿನ ಬಡಾವಣೆಗಳಲ್ಲಿ ನಡೆದಾಡಿದವರಿಗೆ ಹೇಳಬೇಕಾಗಿಲ್ಲ.

ಆಗಿನ ವಾದ ಇಷ್ಟೇ: ಮುನಿಸಿಪಲ್ ಮೆಂಬರು ಓಟಿನವನು, ಅವನಿಂದ ಗಲ್ಲಿ ಒಡೆಯಲಾಗದು; ಓಟಿಗೆ ನಿಲ್ಲದ ಬೋರ್ಡು ಬೇಕು. ಬೋರ್ಡು ಕೆಲಸ ಮಾಡಿತು, ಇಲ್ಲ ಎನ್ನಲಾಗದು. ಆದರೆ ಪ್ಲೇಗು ಹೋದರೂ ಪೆನ್ನು ವಾಪಸು ಬರಲಿಲ್ಲ.

1961ರಲ್ಲಿ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆ ಬಂತು. ಊರಿಗೊಂದು ನಕ್ಷೆ ಮಾಡಿ, ವಸತಿಗೆ ಹಳದಿ, ವ್ಯಾಪಾರಕ್ಕೆ ನೀಲಿ, ಕಾರ್ಖಾನೆಗೆ ನೇರಳೆ, ಪಾರ್ಕಿಗೆ ಹಸಿರು ಬಳಿಯಬೇಕು ಎಂದಿತು. 1987ರಲ್ಲಿ ನಗರಾಭಿವೃದ್ಧಿ ಪ್ರಾಧಿಕಾರಗಳ ಕಾಯಿದೆ. 1988ರಲ್ಲಿ ಸಿ.ಐ.ಟಿ.ಬಿ. ಹೋಗಿ 'ಮುಡಾ' ಆಯಿತು. ಬೋರ್ಡು ಬದಲಾಯಿತು, ಕಡತ ಅದೇ. ಮೈಸೂರಿನ ಜೊತೆಗೆ ನಂಜನಗೂಡನ್ನೂ ಸೇರಿಸಿ 'ಮೈಸೂರು–ನಂಜನಗೂಡು ಸ್ಥಳೀಯ ಯೋಜನಾ ಪ್ರದೇಶ' ಅಂತ ಗೆರೆ ಎಳೆದರು. ನಂಜನಗೂಡಿನವನಿಗೆ ತೆರಿಗೆ ಕಟ್ಟುವ ಕಚೇರಿ ಊರಲ್ಲೇ, ಬಡಾವಣೆ ನಕ್ಷೆಗೆ ಮೊಹರು ಹಾಕುವ ಕಚೇರಿ ಮೈಸೂರಿನ ಜೆ.ಎಲ್.ಬಿ. ರಸ್ತೆಯಲ್ಲಿ!

ಇದಾದ ಮೇಲೆ 1992ರಲ್ಲಿ ಸಂವಿಧಾನಕ್ಕೇ ತಿದ್ದುಪಡಿ ಆಯಿತು, ಎಪ್ಪತ್ತನಾಲ್ಕನೆಯದು. ಊರಿನ ಸ್ಥಳೀಯ ಸಂಸ್ಥೆಗಳಿಗೆ ವಹಿಸಬಹುದಾದ ಹದಿನೆಂಟು ಕೆಲಸಗಳ ಪಟ್ಟಿ ಹನ್ನೆರಡನೇ ಅನುಸೂಚಿಯಲ್ಲಿದೆ. ಅದರಲ್ಲಿ ಮೊದಲನೆಯದೇ ನಗರ ಯೋಜನೆ. ಎರಡನೆಯದು ಭೂ ಬಳಕೆ ಮತ್ತು ಕಟ್ಟಡ ನಿರ್ಮಾಣದ ನಿಯಂತ್ರಣ. ಕಸ, ಬೀದಿದೀಪ, ಸ್ಮಶಾನ ಎಲ್ಲ ಆಮೇಲೆ. ಕೊಟ್ಟದ್ದು ಮಾತ್ರ ಕಸ, ಬೀದಿದೀಪ, ಸ್ಮಶಾನ. ಮೊದಲಿನ ಎರಡರಲ್ಲಿ ದೊಡ್ಡ ಪಾಲು ಪ್ರಾಧಿಕಾರದ ಬೀರುವಿನಲ್ಲೇ ಉಳಿಯಿತು. ಪಟ್ಟಿ ಸಂವಿಧಾನದ್ದಾದರೂ ಕೊಡುವುದು ಬಿಡುವುದು ರಾಜ್ಯ ಸರ್ಕಾರದ ಇಷ್ಟ ಎಂಬ ಕಾನೂನಿನ ಸಂದು ಒಂದಿದೆಯಲ್ಲ, ಮೂವತ್ತು ವರ್ಷ ಅದರಲ್ಲೇ ಕಾಲ ಹಾಕಿದರು.

ಬೋರ್ಡು ಬದಲು, ಬೀಗ ಅದೇ

2024ರಲ್ಲಿ ಮುಡಾ ಹೆಸರು ದಿಲ್ಲಿವರೆಗೂ ಹೋಯಿತು. ಜಮೀನು ಕಳೆದುಕೊಂಡವರಿಗೆ ಅಭಿವೃದ್ಧಿಪಡಿಸಿದ ಜಾಗದಲ್ಲಿ ಅರ್ಧ ಎನ್ನುವ 50:50 ಲೆಕ್ಕದಲ್ಲಿ ಬದಲಿ ನಿವೇಶನ ಕೊಟ್ಟದ್ದು ಬೀದಿಗೆ ಬಂತು. ಸರ್ಕಾರ ನ್ಯಾಯಮೂರ್ತಿ ಪಿ.ಎನ್. ದೇಸಾಯಿ ಅವರ ಆಯೋಗ ನೇಮಿಸಿತು, ಲೋಕಾಯುಕ್ತ ತನಿಖೆ, ಹೈಕೋರ್ಟು, ಎಲ್ಲ ಆಯಿತು. ಯಾರು ಸರಿ, ಯಾರು ತಪ್ಪು ಅನ್ನುವುದು ಈ ಅಂಕಣದ ವಿಷಯವಲ್ಲ. ನಮಗೆ ಬೇಕಾದದ್ದು ಇನ್ನೊಂದು. ಅದೇ ವರ್ಷದ ಕೊನೆಗೆ ಬೆಳಗಾವಿ ಅಧಿವೇಶನದಲ್ಲಿ ಮೈಸೂರಿಗೇ ಪ್ರತ್ಯೇಕ ಅಭಿವೃದ್ಧಿ ಪ್ರಾಧಿಕಾರದ ಮಸೂದೆ ಬಂತು. 2025ರಲ್ಲಿ ಮುಡಾ ಹೋಗಿ 'ಎಂ.ಡಿ.ಎ.' ಆಯಿತು. ಬೆಂಗಳೂರಿನ ಬಿ.ಡಿ.ಎ. ಥರ ಅಂದರು.

ತಮಾಷೆ ಏನೆಂದರೆ, ನಾವು ಬಿ.ಡಿ.ಎ. ಥರ ಆಗುವ ಹೊತ್ತಿಗೆ ಬೆಂಗಳೂರಿನವರು ಬಿ.ಡಿ.ಎ. ಕೈಯಿಂದ ಯೋಜನೆಯ ಪೆನ್ನನ್ನೇ ಕಿತ್ತುಕೊಂಡಿದ್ದರು! ಗ್ರೇಟರ್ ಬೆಂಗಳೂರು ಆಡಳಿತ ಕಾಯಿದೆ 2025ರ ಮೇ ತಿಂಗಳಲ್ಲಿ ಜಾರಿಗೆ ಬಂತು. ಸೆಪ್ಟೆಂಬರ್ ಹೊತ್ತಿಗೆ ಒಂದು ಪಾಲಿಕೆ ಐದಾಯಿತು. ಯೋಜನಾ ಅಧಿಕಾರ ಮೇಲಿನ ಪ್ರಾಧಿಕಾರಕ್ಕೆ. ಅದರ ಅಧ್ಯಕ್ಷರು ಮುಖ್ಯಮಂತ್ರಿ. ಅಂದರೆ ಪೆನ್ನು ಮುನಿಸಿಪಲ್ ಮೆಂಬರಿನ ಕಡೆಗೆ ಇಳಿಯಲಿಲ್ಲ, ಇನ್ನೂ ಮೇಲಕ್ಕೆ ಹತ್ತಿತು. ಮೈಸೂರಿನಲ್ಲಂತೂ ಕೇಳಲು ಮೆಂಬರುಗಳೇ ಇರಲಿಲ್ಲ. 2023ರ ನವೆಂಬರಿನಲ್ಲಿ ಪಾಲಿಕೆಯ ಅವಧಿ ಮುಗಿದು ಆಡಳಿತಾಧಿಕಾರಿ ಬಂದು ಕೂತರು.

ಬೆಂಗಳೂರಿನ ಗಾಳಿ ಇಲ್ಲಿಗೂ ಬೀಸುತ್ತದೆ. ನಂಜನಗೂಡು ರಸ್ತೆಯ ಕಡಕೊಳ ಗ್ರಾಮ ಪಂಚಾಯಿತಿಯಾಗಿದ್ದದ್ದು 2020-21ರ ಹೊತ್ತಿಗೆ ಪಟ್ಟಣ ಪಂಚಾಯಿತಿ ಆಯಿತು. ಆಮೇಲೆ 'ಬೃಹತ್ ಮೈಸೂರು' ಎಂಬ ಮಾತು. ಊರು ಕದಲದೆ ಇದ್ದಲ್ಲೇ ಇರುತ್ತದೆ, ಬೋರ್ಡು ಮಾತ್ರ ಬದಲಾಗುತ್ತಾ ಹೋಗುತ್ತದೆ. ಒಂದೊಂದು ಸಲ ಬೋರ್ಡು ಬದಲಾದಾಗಲೂ ಖಾತೆಗೆ ಅರ್ಜಿ ಹಾಕಿದವನು ಕೇಳುವ ಪ್ರಶ್ನೆ ಒಂದೇ: "ನನ್ನ ಫೈಲ್ ಈಗ ಎಲ್ಲಿದೆ?"

ಹೊಲ ಸೈಟಾಗುವುದು ಹೇಗೆ

ಈಗ ಕಸುಬಿನ ವಿಷಯಕ್ಕೆ ಬರೋಣ. ಹೊಲ ಸೈಟಾಗಬೇಕಾದರೆ ಎರಡು ಬಾಗಿಲು ದಾಟಬೇಕು. ಜನ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ, ಮೋಸ ಆಗುವುದು ಅಲ್ಲೇ.

ಮೊದಲ ಬಾಗಿಲು ಕಂದಾಯ ಇಲಾಖೆಯದು. 1964ರ ಭೂಕಂದಾಯ ಕಾಯಿದೆ 95ನೇ ಪ್ರಕರಣ. ಕೃಷಿ ಜಮೀನನ್ನು ಬೇರೆ ಕೆಲಸಕ್ಕೆ ಬಳಸಲು ಜಿಲ್ಲಾಧಿಕಾರಿ ಕೊಡುವ ಅನುಮತಿ. ಕಾಗದದಲ್ಲಿ 'ಭೂ ಪರಿವರ್ತನೆ', ಹಳಬರ ಬಾಯಲ್ಲಿ 'ಅನ್ಯಕ್ರಾಂತ', ದಲ್ಲಾಳಿ ಬಾಯಲ್ಲಿ 'ಅಲಿನೇಷನ್'. ಇದು ಹೇಳುವುದು ಇಷ್ಟೇ: ಈ ನೆಲ ಇನ್ನು ಹೊಲವಲ್ಲ. ಅಲ್ಲಿ ರಸ್ತೆ ಎಷ್ಟು ಅಡಿ, ಮೋರಿ ನೀರು ಎಲ್ಲಿಗೆ, ಪಾರ್ಕು ಎಲ್ಲಿ ಎಂಬುದರ ಗೊಡವೆ ಅದಕ್ಕಿಲ್ಲ.

ಎರಡನೇ ಬಾಗಿಲು ಯೋಜನಾ ಕಾಯಿದೆಯದು. ಯೋಜನಾ ಪ್ರದೇಶದ ಗೆರೆಯೊಳಗಿದ್ದರೆ ನಕ್ಷೆಯಲ್ಲಿ ಬಳಿದ ಬಣ್ಣದಂತೆಯೇ ಬಳಸಬೇಕು, ಅದು 14ನೇ ಪ್ರಕರಣ. ಕಟ್ಟಲು, ಬಳಕೆ ಬದಲಿಸಲು ಪ್ರಾಧಿಕಾರದ ಅನುಮತಿ, ಅದು 15. ಹೊಲವನ್ನು ತುಂಡು ಮಾಡಿ ಬಡಾವಣೆ ಮಾಡಲು ಮಂಜೂರಾತಿ, ಅದು 17. ಬಣ್ಣವನ್ನೇ ಬದಲಿಸಬೇಕಾದರೆ 14-ಎ. ಗೆರೆಯ ಹೊರಗಿನ ಹಳ್ಳಿಯಾದರೆ ನಗರ ಮತ್ತು ಗ್ರಾಮಾಂತರ ಯೋಜನಾ ಇಲಾಖೆಯ ತಾಂತ್ರಿಕ ಒಪ್ಪಿಗೆ ಬೇಕು. ಅದಾದ ಮೇಲೆ ಪಂಚಾಯಿತಿ.

ಮೊದಲ ಬಾಗಿಲು ದಾಟಿದ ಕೂಡಲೇ ಗೂಟ ನೆಟ್ಟು ಸುಣ್ಣದ ಗೆರೆ ಎಳೆದು ಮಾರುವವರೇ ಹೆಚ್ಚು. ಎಷ್ಟೋ ಕಡೆ ಅದನ್ನೂ ದಾಟಿರುವುದಿಲ್ಲ. ಕಂದಾಯ ನಿವೇಶನ, ರೆವಿನ್ಯೂ ಸೈಟು ಅಂತಾರಲ್ಲ, ಅದು ಇದೇ.

ಯಾಕೆ ಹೀಗೆ ಮಾಡ್ತಾರೆ? ಒಂದು ಸಣ್ಣ ಲೆಕ್ಕ ಹಾಕೋಣ, ಚೀಟಿ ಹಿಂದೆ ಪೆನ್ಸಿಲಿನಲ್ಲಿ ಹಾಕುವಷ್ಟೇ. ಎರಡು ಎಕರೆ ಅಂದರೆ 87,120 ಚದರಡಿ. 30–40ರ ಸೈಟು 1,200 ಚದರಡಿ. ನ್ಯಾಯವಾಗಿ ರಸ್ತೆ, ಪಾರ್ಕು, ನಾಗರಿಕ ಸೌಲಭ್ಯದ ಜಾಗ ಎಂದು ನೂರಕ್ಕೆ 45 ಬಿಟ್ಟರು ಅಂದುಕೊಳ್ಳಿ. ಉಳಿದದ್ದರಲ್ಲಿ 39 ಸೈಟು. ಪಾರ್ಕು ಇಲ್ಲ ಗೀರ್ಕು ಇಲ್ಲ, ಸಪೂರ ರಸ್ತೆ ಒಂದೇ ಸಾಕು ಎಂದು ನೂರಕ್ಕೆ 25 ಮಾತ್ರ ಬಿಟ್ಟರೆ 54 ಸೈಟು. ಹದಿನೈದು ಸೈಟು ಗಾಳಿಯಲ್ಲಿ ಹುಟ್ಟಿತು! ಅದರ ಮೇಲೆ ಚರಂಡಿ, ಟ್ಯಾಂಕು, ಕರೆಂಟ್ ಕಂಬದ ಖರ್ಚೂ ಉಳಿಯಿತು. ಕೊಂಡವನಿಗೆ ಒಂದಿಷ್ಟು ಅಗ್ಗ, ಮಾರಿದವನಿಗೆ ಬಲು ಲಾಭ. ಬಿಟ್ಟ ರಸ್ತೆಯ ಕಾಲು ಭಾಗ ಮಾತ್ರ ಯಾರೂ ಕೊಂಡಿಲ್ಲ, ಯಾರೂ ಕೊಟ್ಟಿಲ್ಲ.

ಮೋರಿ ಯಾರ ಪಾಲಿಗೆ?

ಮಳೆ ಬಂದಾಗ ಆ ಬಡಾವಣೆಯ ಜನ ಜಿಲ್ಲಾಧಿಕಾರಿ ಕಚೇರಿಗೆ ಹೋಗುವುದಿಲ್ಲ, ಜೆ.ಎಲ್.ಬಿ. ರಸ್ತೆಗೂ ಹೋಗುವುದಿಲ್ಲ. ಪಂಚಾಯಿತಿ ಬಾಗಿಲಿಗೇ ಬರುತ್ತಾರೆ. "ನೀರಿಲ್ಲ ಕನ ಮೆಂಬರೇ, ಲೈಟಿಲ್ಲ, ಚರಂಡಿ ಉಕ್ಕಿ ಬಾಗ್ಲಗೆ ಬತ್ತದೆ." ಮೆಂಬರ್ ಏನು ಮಾಡ್ತಾನೆ? ಅಪ್ರೂವಲ್ ಕೊಡುವಾಗ ಅವನನ್ನು ಕೇಳಿದವರು ಯಾರು? ಒಂದು ಬೋರ್‌ವೆಲ್ಲಿನ ನೀರನ್ನು ಹಳೇ ಕೇರಿಗೆ ಬಿಡಬೇಕೋ ಹೊಸ ಬಡಾವಣೆಗೆ ಬಿಡಬೇಕೋ ಅಂತ ಜಗಳ. ಊರಿನವರು ಊರಿನವರಿಗೇ ಬೈದುಕೊಳ್ಳುತ್ತಾರೆ. ಗೂಟ ನೆಟ್ಟವನು ಅಷ್ಟೊತ್ತಿಗೆ ಮುಂದಿನ ಊರಿನಲ್ಲಿ ಗೂಟ ನೆಡುತ್ತಿರುತ್ತಾನೆ.

ಪಂಚಾಯಿತಿಗೆ ಇರುವ ಅಸ್ತ್ರ ಒಂದೇ, ನಮೂನೆ. ಸರಿಯಾದ ಸ್ವತ್ತಿಗೆ ನಮೂನೆ 9 ಮತ್ತು 11-ಎ, ಸರಿಯಲ್ಲದ್ದಕ್ಕೆ 11-ಬಿ. ಇ-ಸ್ವತ್ತು ಬಂದ ಮೇಲೆ ಇದು ಕಂಪ್ಯೂಟರಿನಲ್ಲಿ. 2024ರ ಅಕ್ಟೋಬರಿನಿಂದ ಇ-ಖಾತೆ ಇಲ್ಲದೆ ನೋಂದಣಿಯೇ ಇಲ್ಲ ಎಂದಾಯಿತು. ಆಗ ಎದ್ದಿತು ನೋಡಿ ಗಲಾಟೆ! ಇಪ್ಪತ್ತು ವರ್ಷದ ಹಿಂದೆ ಬರೀ ಕ್ರಯಪತ್ರ ನೋಡಿ ಸೈಟು ಕೊಂಡು, ಮಗಳ ಮದುವೆಗೆ ಮಾರೋಣ ಅಂತ ಇಟ್ಟುಕೊಂಡಿದ್ದವರು ಸಬ್ ರಿಜಿಸ್ಟ್ರಾರ್ ಕಚೇರಿ ಮೆಟ್ಟಿಲ ಮೇಲೆ ಕೂತುಬಿಟ್ಟರು. ಅವರಲ್ಲಿ ಅಂಗಡಿಯವರಿದ್ದಾರೆ, ರಿಟೈರಾದ ಮೇಷ್ಟ್ರುಗಳಿದ್ದಾರೆ, ಕಾರ್ಖಾನೆ ಕಾರ್ಮಿಕರಿದ್ದಾರೆ. ಒಬ್ಬರೂ ಕಳ್ಳರಲ್ಲ.

2025ರ ಫೆಬ್ರವರಿಯಲ್ಲಿ ಊರು ಪಟ್ಟಣಗಳಲ್ಲಿ ಅನಧಿಕೃತ ಸ್ವತ್ತುಗಳಿಗೆ 'ಬಿ ಖಾತಾ' ಕೊಡುವ ಆಂದೋಲನ ಶುರುವಾಯಿತು. ಸರ್ಕಾರಕ್ಕೆ ತೆರಿಗೆ, ಜನಕ್ಕೆ ಒಂದು ಕಾಗದ. ಒಳ್ಳೆಯದೇ. ಆದರೆ ಅಂಗಡಿ ಸಾಲದ ಮಾತಿನಲ್ಲಿ ಹೇಳುವುದಾದರೆ, ಬಿ ಖಾತಾ ಅಂದರೆ ಲೆಕ್ಕದ ಪುಸ್ತಕದಲ್ಲಿ ಹೆಸರು ಬರೆದುಕೊಂಡ ಹಾಗೆ, ಬಾಕಿ ತೀರಿದ ಹಾಗಲ್ಲ. ನಕ್ಷೆ ಮಂಜೂರಾಗಿಲ್ಲದ ಬಡಾವಣೆ ಬಿ ಖಾತಾದಿಂದ ಮಂಜೂರಾಗುವುದಿಲ್ಲ. ನಿಜವಾಗಿ ಸಕ್ರಮ ಮಾಡಲು ಯೋಜನಾ ಕಾಯಿದೆಗೆ 76-ಎಫ್‌ಎಫ್ ಸೇರಿಸಿ, 2014ರಲ್ಲಿ ನಿಯಮ ಮಾಡಿದರು. ಅದೇ 'ಅಕ್ರಮ–ಸಕ್ರಮ'. ಹೈಕೋರ್ಟು 2016ರ ಡಿಸೆಂಬರಿನಲ್ಲಿ ಎತ್ತಿಹಿಡಿಯಿತು. ತಿಂಗಳು ತುಂಬುವಷ್ಟರಲ್ಲಿ, 2017ರ ಜನವರಿಯಲ್ಲಿ, ಸುಪ್ರೀಂ ಕೋರ್ಟು ತಡೆ ಕೊಟ್ಟಿತು.

ಪಂಚಾಯಿತಿಗೆ ಕೊಟ್ಟರೆ ಸರಿಹೋಯಿತೇ?

ಹಾಗಾದರೆ ಪೆನ್ನನ್ನು ಪಂಚಾಯಿತಿಗೇ ಕೊಡಿ ಅಂತ ಕೂಗುವವರಿದ್ದಾರೆ. ಅಷ್ಟು ಸುಲಭ ಅಲ್ಲ. ನಮ್ಮ ಮೆಂಬರುಗಳಲ್ಲೇ ಎಷ್ಟು ಜನ ಸೈಟಿನ ವ್ಯವಹಾರ ಮಾಡ್ತಾರೆ ಅಂತ ಯಾವ ಟೀ ಅಂಗಡಿಯಲ್ಲಿ ಕೇಳಿದರೂ ಹೇಳ್ತಾರೆ. ಅದೂ ಅಲ್ಲದೆ ಮಳೆನೀರು ಪಂಚಾಯಿತಿ ಗಡಿ ನೋಡಿಕೊಂಡು ಹರಿಯುವುದಿಲ್ಲ. ಒಂದು ಊರಿನವರು ಕೆರೆ ಏರಿ ಕೆಳಗೆ ಬಡಾವಣೆ ಮಾಡಿದರೆ ಪಕ್ಕದ ಊರಿನ ಗದ್ದೆ ಮುಳುಗುತ್ತದೆ. ಕಲ್ಲಿಕೋಟೆ–ಕೊಳ್ಳೇಗಾಲದ ಹೆದ್ದಾರಿ ನಂಜನಗೂಡನ್ನೂ ತಿ. ನರಸೀಪುರವನ್ನೂ ಹಾದು ಹೋಗುತ್ತದೆ. ಹಿಂದೆ ಅದು 212, ಈಗ 766. ಅದರ ಪಕ್ಕದ ಒಂದೊಂದು ಊರೂ ತನ್ನಿಷ್ಟದಂತೆ ಅಂಗಡಿ ಸಾಲು ಎಬ್ಬಿಸಿದರೆ ಬಸ್ಸು ಹೋಗುವುದು ಎಲ್ಲಿ? ನಂಜನಗೂಡು ರಸಬಾಳೆಯ ತೋಟ ಎಷ್ಟು ಉಳಿದಿದೆ ಎಂದು ಲೆಕ್ಕ ಇಡುವವರು ಯಾರು? ಯಾರಾದರೂ ಒಬ್ಬರು ಇಡೀ ಸೀಮೆಯನ್ನು ಒಟ್ಟಿಗೆ ನೋಡಲೇಬೇಕು.

ಈ ಲೇಖಕನ ಅಭಿಪ್ರಾಯ ಕೇಳಿದರೆ, ಗೆರೆ ಎಳೆಯುವ ಕೆಲಸ ದೊಡ್ಡ ಕಚೇರಿಯಲ್ಲೇ ಇರಲಿ. ಆದರೆ ಒಂದು ಹಳ್ಳಿಯ ಸರ್ವೇ ನಂಬರಿಗೆ ಬಡಾವಣೆ ಮಂಜೂರು ಮಾಡುವ ಮುಂಚೆ ಆ ಹಳ್ಳಿಯ ಗ್ರಾಮಸಭೆ ಮುಂದೆ ನಕ್ಷೆ ಇಡಲೇಬೇಕು ಎಂದು ಕಾಯಿದೆಯಲ್ಲೇ ಬರೆಯಲಿ. ನೀರು ಎಲ್ಲಿಂದ, ಮೋರಿ ಎಲ್ಲಿಗೆ, ಈ ಎರಡು ಪ್ರಶ್ನೆಗೆ ಲಿಖಿತ ಉತ್ತರ ಕೊಡಲಿ. ಗ್ರಾಮಸಭೆ ಬೇಡ ಎಂದರೂ ಪ್ರಾಧಿಕಾರ ಕೊಡುವುದಾದರೆ ಯಾಕೆ ಎಂದು ಕಾರಣ ಬರೆದು ಸಹಿ ಹಾಕಲಿ. ಸಹಿ ಇದ್ದರೆ ನಾಳೆ ಕೇಳಲು ಒಬ್ಬ ಮನುಷ್ಯ ಇರುತ್ತಾನೆ. ಮೊಹರಿಗೆ ಮುಖ ಇಲ್ಲ.

ಇನ್ನು, ಇರುವ ಕಾಯಿದೆಯಲ್ಲೇ ಒಂದು ಸಣ್ಣ ಕಿಟಕಿ ಇದೆ, ಜನಕ್ಕೆ ಗೊತ್ತಿಲ್ಲ. 14-ಎ ಪ್ರಕಾರ ನಕ್ಷೆಯ ಬಣ್ಣ ಬದಲಿಸಬೇಕಾದರೆ, ಅಂದರೆ ಹಸಿರನ್ನು ಹಳದಿ ಮಾಡಬೇಕಾದರೆ, ಆ ಸೀಮೆಯಲ್ಲಿ ಓಡಾಡುವ ದಿನಪತ್ರಿಕೆಯಲ್ಲಿ ಪ್ರಕಟಿಸಿ, ಹದಿನೈದು ದಿನಕ್ಕೆ ಕಡಿಮೆಯಿಲ್ಲದಂತೆ ಸಾರ್ವಜನಿಕರ ಆಕ್ಷೇಪಣೆ ಕರೆಯಬೇಕು. ಆ ಪ್ರಕಟಣೆ ಬರುವುದು ಎಲ್ಲಿ? ಒಳಪುಟದ ಮೂಲೆಯಲ್ಲಿ, ಇರುವೆ ಅಕ್ಷರದಲ್ಲಿ, ಹೆಸರು ಬದಲಾವಣೆ ಅಫಿಡವಿಟ್ಟುಗಳ ಪಕ್ಕದಲ್ಲಿ. 'ಸರ್ವೇ ನಂ. ಇಷ್ಟು, ಎಕರೆ–ಗುಂಟೆ ಇಷ್ಟು, ಕೃಷಿಯಿಂದ ವಸತಿಗೆ.' ಬಸ್ಸಿನಲ್ಲಿ ಪೇಪರ್ ಓದುವವರು ಸಿನಿಮಾ ಪುಟ ಮಡಿಚುವಾಗ ಅದರ ಮೇಲೆ ಬೆರಳು ಇಟ್ಟಿರುತ್ತಾರೆ, ಕಣ್ಣು ಇಟ್ಟಿರುವುದಿಲ್ಲ. ಹದಿನೈದು ದಿನ ಕಳೆದರೆ 'ಆಕ್ಷೇಪಣೆ ಬಂದಿರುವುದಿಲ್ಲ' ಎಂದು ಕಡತದಲ್ಲಿ ಷರಾ. ಅದೇ ಪ್ರಕಟಣೆಯನ್ನು ಪಂಚಾಯಿತಿ ಬೋರ್ಡಿಗೂ, ಬಸ್ ನಿಲ್ದಾಣದ ಗೋಡೆಗೂ ದಪ್ಪ ಅಕ್ಷರದಲ್ಲಿ ಅಂಟಿಸಲು ಎಷ್ಟು ಖರ್ಚಾದೀತು?

ಮಾಸ್ಟರ್ ಪ್ಲಾನಿಗೂ ಹಾಗೇ. ಮೈಸೂರು–ನಂಜನಗೂಡಿನದು 2031ರವರೆಗಿನ ಪ್ಲಾನು. ಮುಂದಿನದಕ್ಕೆ 2041 ಎಂಬ ವರ್ಷದ ಮಾತು ಕೇಳಿಬಂದಿದೆ. ಪ್ಲಾನಿನ ಕರಡು ಪ್ರಕಟವಾದರೆ ಆಕ್ಷೇಪಣೆಗೆ ಅರವತ್ತು ದಿನ. ಗೆರೆ ಒಳಗೆ ಬಂದ ಹಳ್ಳಿಯಲ್ಲಿ ಒಬ್ಬನ ಹೊಲ ಹಳದಿಯಾದರೆ ಬೆಲೆ ಏರುತ್ತದೆ, ಬದುವಿನಾಚೆಯ ಅವನ ತಮ್ಮನದು ಹಸಿರಾಗಿಯೇ ಉಳಿದರೆ ಬೇಸಾಯವೇ ಗತಿ. ಅಣ್ಣ ತಮ್ಮಂದಿರ ಮಧ್ಯೆ ಬಣ್ಣದ ಪೆನ್ಸಿಲಿನ ಒಂದು ಗೆರೆ. ಆ ಗೆರೆ ಎಳೆಯುವಾಗ ಊರಲ್ಲಿ ಯಾರಾದರೂ ಎದ್ದು ನಿಂತು ಕೇಳಬೇಕೋ ಬೇಡವೋ, ನೀವೇ ಹೇಳಿ.

ಅಂಗಡಿಯವರಿಗೂ ಒಂದು ಮಾತು. ಮನೆಯ ಮುಂದಿನ ಕೋಣೆಗೆ ಷಟರ್ ಹಾಕಿ ಅಂಗಡಿ ಇಟ್ಟವರಿಗೆ ಟ್ರೇಡ್ ಲೈಸೆನ್ಸ್ ಕೈಲಿದ್ದರೆ ಎಲ್ಲ ಸರಿ ಎಂಬ ನಂಬಿಕೆ. ಲೈಸೆನ್ಸ್ ನಗರಸಭೆಯದು, ಜಾಗದ ಬಣ್ಣ ಪ್ರಾಧಿಕಾರದ್ದು. ಹಳದಿ ವಲಯದಲ್ಲಿ ಸಣ್ಣ ಅಂಗಡಿಗೆ ವಲಯ ನಿಯಮಗಳಲ್ಲೇ ಅವಕಾಶ ಇದೆ. ಆದರೆ ಎರಡು ಮಹಡಿ ಎಬ್ಬಿಸಿ ಬಟ್ಟೆ ಅಂಗಡಿ, ಕೆಳಗೆ ಗೋಡೌನು ಅಂದರೆ ಅದು ಬೇರೆ ಲೆಕ್ಕ. ಬ್ಯಾಂಕಿಗೆ ಸಾಲಕ್ಕೆ ಹೋದ ದಿನ ಅದು ಗೊತ್ತಾಗುತ್ತದೆ.

ಆದ್ದರಿಂದ ಸೈಟು ಕೊಳ್ಳುವವರು ದಲ್ಲಾಳಿಯನ್ನು 'ಅಪ್ರೂವಲ್ ಆಗಿದ್ಯಾ' ಅಂತ ಕೇಳುವುದು ಬಿಟ್ಟು ಬೇರೆ ಥರ ಕೇಳಲಿ. ಸರ್ವೇ ನಂಬರ್ ಎಷ್ಟು? ಯೋಜನಾ ಪ್ರದೇಶದ ಒಳಗೋ ಹೊರಗೋ? ಭೂ ಪರಿವರ್ತನೆ ಆದೇಶದ ತಾರೀಖು ಯಾವುದು? ಬಡಾವಣೆ ನಕ್ಷೆ ಮಂಜೂರು ಮಾಡಿದ ಕಚೇರಿ ಯಾವುದು, ಆ ನಕ್ಷೆಯಲ್ಲಿ ನನ್ನ ಸೈಟಿನ ನಂಬರ್ ಇದೆಯೇ? ಪಾರ್ಕು ಪಂಚಾಯಿತಿ ಹೆಸರಿಗೆ ಬಂದಿದೆಯೇ? ಇಷ್ಟು ಕೇಳುವಷ್ಟರಲ್ಲಿ ದಲ್ಲಾಳಿಗೆ ಫೋನು ಬಂದು ಎದ್ದು ಹೋದರೆ, ನಿಮ್ಮ ದುಡ್ಡು ಉಳಿಯಿತು.

ಆಕ್ಷೇಪಣೆ ಇದ್ದವರು ಬಿಳಿ ಹಾಳೆಯಲ್ಲಿ ಕನ್ನಡದಲ್ಲೇ ಬರೆದುಕೊಡಬಹುದು. ಸರ್ವೇ ನಂಬರ್, ಪತ್ರಿಕೆಯ ಹೆಸರು, ಪ್ರಕಟವಾದ ತಾರೀಖು ಬರೆಯಿರಿ. ಎರಡು ಪ್ರತಿ ಮಾಡಿ ಟಪಾಲು ವಿಭಾಗಕ್ಕೆ ಒಂದು ಕೊಡಿ. ಇನ್ನೊಂದರ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳದೆ ಕೌಂಟರ್ ಬಿಡಬೇಡಿ. ಗುಮಾಸ್ತರು ಊಟಕ್ಕೆ ಹೋಗಿದ್ದಾರೆ ಅಂದರೆ, ಬರುವವರೆಗೆ ಕೂತಿರಿ. ನಂಜನಗೂಡಿಗೆ ಸಾಯಂಕಾಲದ ಬಸ್ಸುಗಳು ಬೇಕಾದಷ್ಟಿವೆ.